ಸಿಸ್ಟರ್ ಲೂಸಿ ನಿಂತೇ ಇದ್ದರು

ಆ ಗ್ಲೋಬು ಒಡೆದವನು ನಾನು, ಸೆಲ್ವಿ ಅಲ್ಲ. ಇಷ್ಟೇ ಇಷ್ಟು ವಾಕ್ಯ ಬರೆಯಲು ನನಗೆ ಹದಿನೈದು ವರ್ಷ ಹಿಡಿಯಿತು — ಮೂರನೇ ತರಗತಿಯವರಿಗೆ ವಾಕ್ಯರಚನೆ ಕಲಿಸುತ್ತಿದ್ದವನಿಗೆ!

ತೊಂಬತ್ತರ ದಶಕದ ಮೊದಲ ಭಾಗ. ಭದ್ರಾವತಿಯ ನ್ಯೂಟೌನಿನಲ್ಲಿ ಚರ್ಚಿಗೆ ಅಂಟಿಕೊಂಡಿದ್ದ ಪ್ರಾಥಮಿಕ ಶಾಲೆಗೆ ನಾನು ಕನ್ನಡ ಮೇಷ್ಟ್ರು. ದಿನವೂ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲೂಸಿ ಮಂಗಳೂರು ಕಡೆಯವರು. ಅವರ ಶಿಕ್ಷಣ ತತ್ವವೆಲ್ಲ ಮೂರು ಮಾತಿನಲ್ಲಿ ಮುಗಿಯುತ್ತಿತ್ತು. ಶಾಲೆಯೊಳಗೆ ಬೆತ್ತ ಬರಕೂಡದು. ತಪ್ಪು ಮಾಡಿದವರು ತಾವಾಗಿ ಎದ್ದು ಹೇಳಬೇಕು. ಒಡೆದವರೇ ಜೋಡಿಸಬೇಕು. ಮಗು ಎದ್ದು ಹೇಳುವ ತನಕ ಸಿಸ್ಟರ್ ತಾವೂ ಕೂರುತ್ತಿರಲಿಲ್ಲ — ಬೈಯದೆ, ಕೆದಕದೆ, ಸುಮ್ಮನೆ ನಿಂತಿರುತ್ತಿದ್ದರು.

“ದೇವರು ಪ್ರತಿ ಮಗುವಿನೊಳಗೂ ಒಂದು ಗಂಟೆ ಇಟ್ಟಿದ್ದಾನೆ ಮಾಸ್ಟ್ರೇ. ನಾವು ಬಾಯಿ ಮುಚ್ಚಿಕೊಂಡಿದ್ದರೆ ಅದು ತಾನೇ ಹೊಡೆದುಕೊಳ್ತದೆ.”

ನನ್ನದು ಬೇರೆ ಸಂಪ್ರದಾಯ. ಸವರ್ಣದೀರ್ಘ ಸಂಧಿ ನನ್ನೊಳಗೆ ಇಳಿದದ್ದು ತಂದೆಯವರ ಬೆತ್ತದ ತುದಿಯಿಂದ. ಬೆತ್ತವಿಲ್ಲದ ಮೇಷ್ಟ್ರೆಂದರೆ ಪಂಚಾಂಗವಿಲ್ಲದ ಪುರೋಹಿತನೆಂದು ಸ್ಟಾಫ್ ರೂಮಿನಲ್ಲಿ ಪ್ರವಚನ ಮಾಡುತ್ತಿದ್ದೆ. ಸಾಲದ್ದಕ್ಕೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಬೆತ್ತ ಕೊಂಡು, ಛತ್ರಿಯೊಳಗೆ ಮರೆಸಿ ತಂದು, ಮೂರನೇ ತರಗತಿಯ ಬೀರುವಿನ ಹಿಂದೆ ಪ್ರತಿಷ್ಠಾಪಿಸಿದೆ. ಯಾರಿಗೂ ಹೊಡೆಯಲಿಲ್ಲ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಗಾಳಿಗೆ ನಾಲ್ಕು ಬಾರಿಸುತ್ತಿದ್ದೆ, ಅಷ್ಟೆ — ಕಲಿತ ವಿದ್ಯೆ ಮರೆಯದಿರಲೆಂದು.

ಒಂದು ಶುಕ್ರವಾರ ಮೂರನೆಯ ಏಟಿಗೆ ಮೇಜಿನ ಮೇಲಿದ್ದ ಗ್ಲೋಬು ಸಿಕ್ಕಿತು. ಇಡೀ ಶಾಲೆಗೆ ಒಂದೇ ಇದ್ದ ರಟ್ಟಿನ ಗ್ಲೋಬು. ನೆಲಕ್ಕೆ ಬಿದ್ದು ಸಮಭಾಜಕ ವೃತ್ತದುದ್ದಕ್ಕೂ ಬಾಯಿ ಬಿಟ್ಟಿತು. ಒಪ್ಪಿಕೊಂಡರೆ ಬೆತ್ತದ ಕಥೆಯೂ ಹೊರಬೀಳುತ್ತಿತ್ತು, ಬಹುಶಃ ಕೆಲಸವೂ... ಬೆತ್ತವನ್ನು ಸ್ವಸ್ಥಾನಕ್ಕೆ ಕಳಿಸಿ, ಕೈ ತೊಳೆದು, ಮೊಸರನ್ನ ಉಂಡೆ.

ಮಧ್ಯಾಹ್ನ ಸಿಸ್ಟರ್ ಬಂದರು. “ಒಡೆದವರು ಹೇಳುವವರೆಗೆ ನಾನು ಕೂರುವುದಿಲ್ಲ ಮಕ್ಕಳೇ.” ಅವರಿಗೆ ಮಂಡಿ ನೋವೆಂಬುದು ಶಾಲೆಗೆಲ್ಲ ಗೊತ್ತು, ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಹಿಡಿದು ಹತ್ತುವವರು.

“ನೀನೇ ಕಣೋ.”

“ನಿನ್ ತಲೆ! ನಾನ್ ಆಟಕ್ಕೋಗಿದ್ದೆ.”

ಆಮೇಲೆ ಪಿಸುಮಾತೂ ನಿಂತಿತು. ಹಾಜರಿ ಪುಸ್ತಕ ಹಿಡಿದು ಮೂಲೆಯಲ್ಲಿದ್ದ ನನಗೆ — ಹೇಳಲು ನಾಚಿಕೆ — ಭಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಆ ಗಂಟೆ ನಿಜವಾಗಿಯೂ ಇದೆಯೇ? ನನ್ನೊಳಗೂ? ಕಿವಿಗೊಟ್ಟೆ. ಮೊಸರನ್ನ ಜೀರ್ಣವಾಗುವ ಸದ್ದು ಕೇಳಿಸಿತು.

ಸಿಸ್ಟರ್ ಒಂದು ಕೈಯನ್ನು ಮೇಜಿಗೆ ಊರಿದರು. ಆಗ ಎರಡನೇ ಬೆಂಚಿನಿಂದ ಸೆಲ್ವಿ ಎದ್ದಳು. ಅವಳಪ್ಪ ಕಾರ್ಖಾನೆಯಲ್ಲಿ ಕೂಲಿ.

“ನಾನೇ ಸಿಸ್ಟರ್.”

“ಒಳ್ಳೇದು ಮಗಾ. ಹಾಗಾದರೆ ನೀನೇ ಜೋಡಿಸಬೇಕು,” ಎಂದು ಸಿಸ್ಟರ್ ಕೂತರು.

ಒಂದು ವಾರ, ಶಾಲೆ ಬಿಟ್ಟ ಮೇಲೆ, ಸೆಲ್ವಿ ಮೈದಾ ಅಂಟು ಹಚ್ಚುತ್ತ ಭೂಮಿಯನ್ನು ಜೋಡಿಸಿದಳು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಶಿವಮೊಗ್ಗದ ಸಮೂಹಗಾನ ಸ್ಪರ್ಧೆಗೆ ಅಭ್ಯಾಸ. ಸೆಲ್ವಿಯೂ ಆ ತಂಡದವಳೇ; ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ಸೇರಿಸಿಕೊಂಡರು. ನಾನು ಪರಮ ಔದಾರ್ಯದಿಂದ ಕಾಗದದ ಪಟ್ಟಿ ಕತ್ತರಿಸಿ ಕೊಡುತ್ತಿದ್ದೆ. ತಡೆಯಲಾರದೆ ಕೇಳಿದೆ:

“ನಿಜ ಹೇಳೇ, ಒಡೆದದ್ದು ನೀನೇನಾ?”

“ಅಲ್ಲ ಸಾರ್.”

“ಮತ್ಯಾಕೆ ಎದ್ದೆ?”

“ಸಿಸ್ಟರ್ ಕಾಲು ನೋಯ್ತಿತ್ತಲ್ಲ ಸಾರ್. ಯಾರೂ ಏಳ್ಲೇ ಇಲ್ಲ.” ಅಂಟಿನ ಬೆರಳು ಒರೆಸಿಕೊಂಡು, “ನೀವ್ ಹೇಳ್ಬೇಡಿ ಸಾರ್, ಸುಳ್ ಹೇಳ್ದೆ ಅಂತ ಬೇಜಾರ್ ಮಾಡ್ಕೋತಾರೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಜೀವನದಲ್ಲಿ ಚಾಚೂ ತಪ್ಪದೆ ನಡೆಸಿದ ಮಾತು ಅದೊಂದೇ.

ಶನಿವಾರ ಹಾಡುವ ಮಕ್ಕಳ ವ್ಯಾನು ಹೊರಟಿತು. ಸ್ಪರ್ಧೆಗೆಂದು ಕೊಂಡಿದ್ದ ಕೆಂಪು ರಿಬ್ಬನ್ನು ಕಟ್ಟಿಕೊಂಡೇ ಬಂದಿದ್ದ ಸೆಲ್ವಿ ಗೇಟಿನ ಬಳಿ ನಿಂತು, ವ್ಯಾನು ತಿರುಗುವವರೆಗೂ ಕೈಬೀಸಿದಳು. ನಾನು ಅವಳ ಹಿಂದೆಯೇ ಇದ್ದೆ. ಆಗಲಾದರೂ —

ಎರಡು ವರ್ಷದ ಮೇಲೆ ಸಿಸ್ಟರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ನನ್ನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ನನ್ನ ಬೆತ್ತ.

“ಸುಣ್ಣ ಹೊಡೆಯಲಿಕ್ಕೆ ಬೀರು ಸರಿಸಿದಾಗ ಸಿಕ್ಕಿತು ಮಾಸ್ಟ್ರೇ. ತುದಿಯಲ್ಲಿ ನೀಲಿ ಬಣ್ಣ ಉಂಟು, ನೋಡಿ.” ಗ್ಲೋಬಿನ ಸಮುದ್ರದ ನೀಲಿ. ಅಷ್ಟು ಹೇಳಿ ಅವರು ಎದ್ದು ನಿಂತರು.

ಬೈಯಲಿಲ್ಲ. ಕೆದಕಲಿಲ್ಲ. ಸುಮ್ಮನೆ ನಿಂತರು. ಒಂದು ಕೈಯನ್ನು ಮೇಜಿಗೆ ಊರಿದರು.

“ಯಾರದೋ ಏನೋ ಸಿಸ್ಟರ್,” ಎಂದೆ ನಾನು.

ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕೂತರು. ಉತ್ತರ ಸಿಗದೆ ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಿಸ್ಟರ್ ಈಗಿಲ್ಲ.

ಬರುವ ಭಾನುವಾರ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ. ಸೆಲ್ವಿ ಬರುತ್ತಾಳಂತೆ. ಹಿರಿಯ ಮೇಷ್ಟ್ರೆಂದು ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕಿಸಿದ್ದಾರಂತೆ. ನನಗೂ ಈಗ ಮಂಡಿ ನೋವು. ಆದರೂ ಅವಳೆದುರು ಹೇಳುವವರೆಗೆ ನಾನು ಕೂರುವುದಿಲ್ಲ.