ಬಸಂತರಾಯನ ಮನೆಯ ಹಿಂಡಿ

ಮೋರಟಗಿಯ ಬಸಂತರಾಯನ ಮನೆಯ ಹಿಂಡಿ ಎಂದರೆ ಸಿಂದಗಿಯ ಕಚೇರಿಗಳವರೆಗೂ ಹೆಸರು. ಆದರೆ ಬಸಂತರಾಯ ಹುಟ್ಟಿದಾಗಿನಿಂದ ಒನಕೆ ಹಿಡಿದವನಲ್ಲ. ನಂಚಿಕೊಳ್ಳುವ ಆ ಖಾರದ ಚಟ್ನಿಗೆ ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಬೆಳ್ಳುಳ್ಳಿ, ಒಣಖಾರ ಹಾಕಿ ಎಣ್ಣೆ ಬಿಡುವ ತನಕ ಕುಟ್ಟುತ್ತಿದ್ದವಳು ಅವನ ಹೆಂಡತಿ ಇಂದುಬಾಯಿ. ಶೇಂಗಾ ಆದಮೇಲೆ ಅಗಸಿ, ಅಗಸಿ ಆದಮೇಲೆ ಗುರೆಳ್ಳು, ಪುಟಾಣಿ, ಹಸಿಮೆಣಸಿನಕಾಯಿಯ ಖಾರ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಬಜ್ಜಿ. ಪ್ರತಿಸಲವೂ ಒರಳನ್ನು ತೊಳೆದು ಒರೆಸಬೇಕು, ಇಲ್ಲವಾದರೆ ಒಂದರ ರುಚಿ ಇನ್ನೊಂದಕ್ಕೆ ಅಂಟುತ್ತದೆ. ಹೆಸರು ಮಾತ್ರ ಗಂಡನಿಗೆ ಅಂಟಿತ್ತು.

ಬಿಳಿಜೋಳದ ತೆನೆ ಹಾಲು ತುಂಬಿ ಇನ್ನೂ ಬಲಿಯದೆ ಇರುವ ಹತ್ತು ಹನ್ನೆರಡು ದಿನ ಸೀತನಿಯ ಕಾಲ. ಹೊಲದಲ್ಲಿ ಸಣ್ಣ ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡದಲ್ಲಿ ಹಸಿತೆನೆ ಸುಟ್ಟು, ಬಡಿದು, ಕಾಳು ಬಿಸಿಯಿರುವಾಗಲೇ ಹಿಂಡಿಯ ಜೊತೆ ತಿನ್ನಬೇಕು. ಆರಿದರೆ ಬಿರುಸಾಗುತ್ತದೆ. ಆ ದಿನಗಳಲ್ಲಿ ಬಸಂತರಾಯ ಬೆಳಿಗ್ಗೆ ಹಲ್ಲುಜ್ಜುತ್ತ ಹೇಳುತ್ತಿದ್ದ:

"ಸಂಜಿಕೆ ಎಂಟ ಮಂದಿ ಬರ್ತಾರ. ಭಾಳೇನ ಬ್ಯಾಡ, ಸುಮ್ನ ಒಂದೀಟ ಹಿಂಡಿ ಮಾಡು."

ಸುಮ್ಮನೆ ಒಂದಿಷ್ಟು ಹಿಂಡಿ ಅಂದರೆ ಆರು ಬಗೆ. ಮಂದಿ ಹೆಚ್ಚಾದಾಗ ಓಣಿಯ ಹೆಂಗಸರೂ ಒಂದೊಂದು ಬಟ್ಟಲು ಕುಟ್ಟಿ ಕಳಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆಳುಮನುಷ್ಯ ಭೀಮಶ್ಯಾ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಿದ್ದ. ಕತ್ತಲಾದ ಮೇಲೆ ಬುಟ್ಟಿ ಖಾಲಿ ಬಟ್ಟಲುಗಳೊಂದಿಗೆ ವಾಪಸು ಬರುತ್ತಿತ್ತು. ಬಟ್ಟಲಿನ ತಳ ನೋಡಿಯೇ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಇಂದುಬಾಯಿಗೆ ಗೊತ್ತಾಗುತ್ತಿತ್ತು. ಬುಟ್ಟಿಯ ಮೂಲೆಯಲ್ಲಿ ಅವಳ ಪಾಲಿಗೆಂದು ಒಂದು ಹಿಡಿ ಸೀತನಿ ಇರುತ್ತಿತ್ತು. ತಣ್ಣಗಾಗಿ, ಕಲ್ಲಿನಂತಾಗಿ.

ಇಂಡಿ ತಾಲೂಕಿನ ತವರಿನಲ್ಲಿ ಅವಳು ಹೀಗೆ ತಿಂದವಳಲ್ಲ. ಓರಗೆಯ ಹುಡುಗಿಯರೊಂದಿಗೆ ಬದುವಿನ ಮೇಲೆ ಕೂತು, ಮೂಗು ತುಟಿ ಮಸಿಯಾಗುವ ಹಾಗೆ ತಿಂದಿದ್ದಳು. ಹದಿನೇಳಕ್ಕೆ ಮದುವೆಯಾಗಿ ಮೋರಟಗಿಗೆ ಬಂದಮೇಲೆ, ಸಾವ್ಕಾರರ ಮನೆಯ ಹೆಂಗಸರು ಹೊಲಕ್ಕೆ ಹೋಗುವುದಿಲ್ಲ ಎಂದು ಅತ್ತೆ ಹೇಳಿದರು. ಅತ್ತೆ ತೀರಿಕೊಂಡರು. ಒಬ್ಬಳೇ ಮಗಳು ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋದಳು. ಆದರೂ ಹೊಲಕ್ಕೆ ಹೋಗದ ರೂಢಿ ಹಾಗೇ ಉಳಿಯಿತು.

ಎಪ್ಪತ್ತಾರರ ಜನವರಿಯಲ್ಲಿ ಬಸಂತರಾಯ ಯಾರದೋ ಆಸ್ತಿ ಪಾಲು ಮಾಡಿಕೊಡಲು ಬಸವನ ಬಾಗೇವಾಡಿಗೆ ಹೋದ. ಮೂರು ದಿನ ಬರುವುದಿಲ್ಲ ಎಂದ. ಇಂದುಬಾಯಿ ಅವತ್ತೇ ನಿರ್ಧರಿಸಿದಳು: ನಾಳೆ ನಾನು ಸೀತನಿಗೆ ಕರೆಯುತ್ತೇನೆ. ಹೆಂಗಸರನ್ನು. ಜೊತೆಗೆ ಕೂತು ಬಿಸಿಬಿಸಿ ತಿನ್ನುತ್ತೇನೆ.

ಎದುರು ಮನೆಯ ಸಿದ್ದವ್ವ ಅಂಗಳ ಗುಡಿಸುತ್ತಿದ್ದಳು.

"ಸಿದ್ದವ್ವಾ, ನಾಳಿ ಹೊತ್ತ ಇಳಿಯೂದರಾಗ ನಮ್ಮ ಹೊಲಕ್ಕ ಬಾ. ಸೀತನಿ ಮಾಡ್ತೇನಿ, ತಿನ್ನಾಕ ಬಾ."

"ಆತ್ರಿ ಬಾಯಾರ, ಅದಕ್ಕೇನ," ಅಂದಳು ಸಿದ್ದವ್ವ, ಕಸಬರಿಗೆ ನಿಲ್ಲಿಸದೆ.

ಮಾಸ್ತರರ ಹೆಂಡತಿ ಸುಮಿತ್ರಾಬಾಯಿಯೂ ಆಗಲಿ ಅಂದಳು. ಓಣಿಯ ತುದಿಯಲ್ಲಿದ್ದ ದರ್ಜಿಯ ಹೆಂಡತಿ ಸೈದಾಬಿ, "ನಾನೂ ಏನ್ರಿ?" ಎಂದು ಎರಡು ಸಲ ಕೇಳಿದಳು.

ಮರುದಿನ ಬೆಳಿಗ್ಗೆ ಇಂದುಬಾಯಿ ಭೀಮಶ್ಯಾನಿಗೆ ಕುಣಿ ತೋಡಿಡಲು ಹೇಳಿದಳು.

"ಎಷ್ಟ ಮಂದಿ ಬರಾಕತ್ತಾರ್ರಿ ಬಾಯಾರ?"

"ಮೂರ ಮಂದಿ. ನಮ್ಮ ಓಣಿ ಹೆಣ್ಣಮಕ್ಕಳು."

ಭೀಮಶ್ಯಾ ತಲೆ ಕೆರೆದುಕೊಂಡ. "ತೆನಿ ಸುಡಾಕ ನಾ ನಿಲ್ಲಲೇನ್ರಿ? ಕೈ ಸುಟ್ಕೊಂಡೀರಿ."

"ಇಪ್ಪತ್ನಾಕ ವರ್ಷ ಒಲಿ ಮುಂದ ಮತ್ತೇನ ಮಾಡೇನೋ? ನೀ ಕುಣಿ ತೋಡಿ ಹೋಗು."

ಅವಳು ಬದನೆಕಾಯಿ ಸುಟ್ಟು, ಸಿಪ್ಪೆ ಬಿಡಿಸಿ, ಹಸಿಮೆಣಸಿನಕಾಯಿ ಹಾಕಿ ಬಜ್ಜಿ ಮಾಡಿದಳು. ಗುರೆಳ್ಳಿನ ಹಿಂಡಿ ಕುಟ್ಟಿದಳು. ಅಷ್ಟರಲ್ಲಿ ಸಿದ್ದವ್ವನ ಮಗಳು ಶೇಂಗಾ ಹಿಂಡಿಯ ಬಟ್ಟಲು ತಂದಿಟ್ಟು ಹೋದಳು. ಹಿಂದೆಯೇ ಸುಮಿತ್ರಾಬಾಯಿಯ ಮನೆಯಿಂದ ಪುಟಾಣಿ ಹಿಂಡಿ ಬಂತು. ಕೈಬೀಸಿಕೊಂಡು ಬರಲು ಮನಸ್ಸಾಗದೆ ಮೊದಲೇ ಕಳಿಸಿದ್ದಾರೆ ಎಂದುಕೊಂಡು ಇಂದುಬಾಯಿ ಹಿಗ್ಗಿದಳು. ಸೈದಾಬಿ ಹಿತ್ತಲ ಬಾಗಿಲಿಗೆ ತಾನೇ ಬಂದಳು. ಕಾಗದದ ಪೊಟ್ಟಣದಲ್ಲಿ ಹುರಿದ ಅಗಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ.

"ಕುಟ್ಟಿಲ್ರಿ ಬಾಯಾರ. ನಮ್ಮ ಕೈಯಾಗಿಂದು ನಿಮ್ಮ ಮಂದಿ ತಿಂತಾರೋ ಇಲ್ಲೋ. ನೀವ ಕುಟ್ಕೋರಿ."

"ನಮ್ಮ ಮಂದಿ ಅಂತ ಯಾರೂ ಇಲ್ಲ, ಸೈದಾಬಿ. ನೀ ಬಾ."

"ಆತ್ರಿ, ಆತ್ರಿ," ಎಂದು ಸೈದಾಬಿ ನಕ್ಕಳು. ಗಂಡನ ಹೊಲಿಗೆ ಯಂತ್ರದ ಸದ್ದು ನಿಂತದ್ದು ಕೇಳಿ ಲಗುಬಗೆಯಿಂದ ಹೊರಟುಹೋದಳು.

ಹೊತ್ತು ಇಳಿಯುವಾಗ ಇಂದುಬಾಯಿ ಬುಟ್ಟಿಯನ್ನು ತಾನೇ ಹೊತ್ತು ಹೊಲಕ್ಕೆ ನಡೆದಳು. ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ನಡುವೆ ಬಟ್ಟಲುಗಳನ್ನು ಇಟ್ಟು, ಸುತ್ತ ನಾಲ್ಕು ಎಲೆ ಹಾಕಿದಳು. ಕೆಂಡ ಕೆಂಪಗಾಯಿತು. ಮೊದಲ ಹತ್ತು ತೆನೆ ಸುಟ್ಟು, ಬಡಿದು, ಹೊಟ್ಟು ತೂರಿದಳು. ದಾರಿಯಲ್ಲಿ ಯಾರೂ ಕಾಣಲಿಲ್ಲ. ಕಾಳನ್ನು ಬಟ್ಟೆಯಲ್ಲಿ ಸುತ್ತಿ ಕೆಂಡದ ಹತ್ತಿರ ಇಟ್ಟಳು. ಸಿದ್ದವ್ವ ಎಮ್ಮೆಯ ಹಾಲು ಕರೆದು ಬರುತ್ತಾಳೆ. ಸುಮಿತ್ರಾಬಾಯಿ ಮಾಸ್ತರರಿಗೆ ಚಹಾ ಕೊಟ್ಟು ಬರುತ್ತಾಳೆ. ಎರಡನೆಯ ಸಲ ತೆನೆ ಸುಟ್ಟಳು. ಬಟ್ಟೆಯಲ್ಲಿದ್ದ ಕಾಳು ತಣ್ಣಗಾದವು.

ಹುಲ್ಲಿನ ಹೊರೆ ಹೊತ್ತ ಇಬ್ಬರು ಕೂಲಿ ಹೆಂಗಸರು ಬದುವಿನ ಮೇಲೆ ಬಂದರು. "ಸಾವ್ಕಾರ್ರು ಇನ್ನಾ ಬಂದಿಲ್ಲೇನ್ರಿ?" ಅಂದಳು ಒಬ್ಬಳು.

"ಬರ್ರಿ, ಕುಂಡ್ರರಿ. ಬಿಸಿ ಅದಾವ, ತಿಂದ ಹೋಗ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹೊರೆ ಇಳಿಸದೆಯೇ ಸೆರಗೊಡ್ಡಿದರು. "ಹುಡುಗೂರಿಗಿ ಆಗ್ತಾವ ಹಾಕ್ರಿ." ಒಂದೊಂದು ಬೊಗಸೆ ಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ ಹೋದರು.

ಆಗ ಇಂದುಬಾಯಿಗೆ ಅರ್ಥವಾಯಿತು. ಯಾರೂ ಬರುವುದಿಲ್ಲ. ಸೀತನಿ ಅಂದರೆ ಗಂಡಸರು ಬರುತ್ತಾರೆ, ಗಂಡಸರು ಬಂದರೆ ಹಿಂಡಿ ಬೇಕು, ಹಿಂಡಿ ಬೇಕಾದರೆ ಓಣಿಯ ಹೆಂಗಸರು ಕೈಜೋಡಿಸಬೇಕು. ಅವರು ಕೈಜೋಡಿಸಿದ್ದರು. ತಮ್ಮ ಪಾಲಿನ ಕೆಲಸ ಮುಗಿಸಿ ಬಟ್ಟಲು ಕಳಿಸಿದ್ದರು.

ಮೂರನೆಯ ಸಲ ಸುಟ್ಟದ್ದನ್ನು ಅವಳು ತನ್ನ ಎಲೆಗೆ ಹಾಕಿಕೊಂಡಳು. ಅಂಗೈ ಸುಡುವಷ್ಟು ಬಿಸಿ, ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ. ಸಿದ್ದವ್ವನ ಶೇಂಗಾ ಹಿಂಡಿ ತರಿತರಿಯಾಗಿತ್ತು. ಕುಟ್ಟುವಾಗ ಕೂಸು ಅತ್ತಿರಬೇಕು, ನಡುವೆ ಎದ್ದಿರಬೇಕು. ಸುಮಿತ್ರಾಬಾಯಿಯ ಪುಟಾಣಿ ಹಿಂಡಿ ಹಿಟ್ಟಿನಂತೆ ನುಣ್ಣಗೆ. ಮಾಸ್ತರರಿಗೆ ಹಲ್ಲಿಲ್ಲ. ತನ್ನ ಗುರೆಳ್ಳು ಹಿಂಡಿಯನ್ನು ಬಾಯಿಗಿಟ್ಟಳು. ಖಾರ ಕಣ್ಣಿಗೆ ಹತ್ತಿತು. ಅದು ಬಸಂತರಾಯನ ಖಾರ. ಅವಳಿಗೆ ಅಷ್ಟು ಖಾರ ಯಾವತ್ತೂ ಸೇರುತ್ತಿರಲಿಲ್ಲ. ಇವತ್ತಾದರೂ ಕಡಿಮೆ ಹಾಕಬೇಕೆಂದು ಕೈಗೆ ಹೊಳೆದಿರಲಿಲ್ಲ.

ಸೈದಾಬಿಯ ಪೊಟ್ಟಣ ಬಿಚ್ಚಿ, ಬದುವಿನ ಎರಡು ಕಲ್ಲಿನ ನಡುವೆ ಜಜ್ಜಿದಳು. ಒಂದೇ ಮೆಣಸಿನಕಾಯಿ ಹಾಕಿದಳು. ಅದನ್ನು ನಿಧಾನವಾಗಿ ತಿಂದಳು. ಉಳಿದ ಮೂರು ಎಲೆ ಗಾಳಿಗೆ ಮಗುಚಿ ಬಿದ್ದವು.

ಮರುದಿನ ಬೆಳಿಗ್ಗೆ ಬಟ್ಟಲಿಗೆ ಸೀತನಿ ತುಂಬಿಕೊಂಡು ಸಿದ್ದವ್ವನ ಮನೆಗೆ ಹೋದಳು. ಸಿದ್ದವ್ವ ಪಡಸಾಲೆ ಸಾರಿಸುತ್ತಿದ್ದಳು.

"ಮಂದಿಗಿ ಸೇರತೇನ್ರಿ ಹಿಂಡಿ? ಉಪ್ಪ ಹೆಚ್ಚಾಗಿತ್ತೋ ಏನೋ."

"ಯಾರೂ ಬರಲಿಲ್ಲ."

"ಅಯ್ಯ! ಅಷ್ಟೆಲ್ಲಾ ಮಾಡಸಿ ಬರಲಿಲ್ಲಾ? ಗಂಡಸರಂದ್ರ ಹಂಗ ಬಿಡ್ರಿ."

"ನಿನ್ನ ಕರದಿದ್ದೆ, ಸಿದ್ದವ್ವಾ. ನೀ ಬರಲಿಲ್ಲ."

ಸಗಣಿಯ ಕೈ ನೆಲದ ಮೇಲೆ ನಿಂತಿತು. "ನನ್ನ? ತಿನ್ನಾಕ?"

"ತಿನ್ನಾಕ ಬಾ ಅಂತ ಅಂದಿದ್ನಲ್ಲ."

"ಬಾಯಿಮಾತಿಗಿ ಅಂದೀರಿ ಅಂತ ತಿಳಕೊಂಡೆ. ನನ್ನ ಯಾರ ಕರೀತಾರ್ರಿ ತಿನ್ನಾಕ? ತವರಮನ್ಯಾಗೂ ಕರಿಯೂದು ಮದವಿಗಿ ರೊಟ್ಟಿ ಬಡಿಯಾಕ." ಸಿದ್ದವ್ವ ನಗಲು ಹೋದಳು, ಆಗಲಿಲ್ಲ. ಬಟ್ಟಲಿನಲ್ಲಿದ್ದ ಸೀತನಿಯ ಕಡೆ ನೋಡಿ ಅಂದಳು, "ಇವತ್ತ ಸುಡೂಣೇನ್ರಿ? ಇವತ್ತ ಖರೇನ ಬರ್ತೇನಿ."

"ಕೆಲಸ ಲಗೂ ಮುಗೀತಂತ, ಅವರು ಇವತ್ತ ಬರಾಕತ್ತಾರ. ಬಸ್ಸಿನವನ ಕೈಲೆ ಚೀಟಿ ಕಳಸ್ಯಾರ. ಎಂಟ ಮಂದಿ ಜೋಡಿ ಅದಾರಂತ. ನಾಕ ದಿನಕ್ಕ ತೆನಿ ಬಲೀತಾವು."

ಸಿದ್ದವ್ವ ಎದ್ದು, ಕೈ ತೊಳೆದುಕೊಂಡು, ಬಟ್ಟಲು ತೆಗೆದುಕೊಂಡಳು. ಇಂದುಬಾಯಿಯ ಮುಖ ನೋಡಿದಳು.

"ಹಂಗಾರ ಹಿಂಡಿ ಕುಟ್ಟಾಕ ಬರ್ಲೇನ್ರಿ, ಬಾಯಾರ?"

ಇಂದುಬಾಯಿ, "ಬಾ," ಅಂದಳು.