ಸುಣ್ಣದ ಗುಂಡಿಯಲ್ಲಿ ನಾನಾಡಿದ ಸುಳ್ಳು

ನಾನು ಮೇಸ್ತ್ರಿಯಾಗಿದ್ದ ಕಾಲದಲ್ಲಿ ಜನ ನನ್ನನ್ನು ಜಾಗರೂಕ ಮನುಷ್ಯ ಎನ್ನುತ್ತಿದ್ದರು. ನನ್ನ ಕೈಕೆಳಗೆ ಮನೆಯ ಹೆಂಗಸರನ್ನು ಕೆಲಸಕ್ಕೆ ಕಳಿಸಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಆ ಹೆಸರು ನನಗೆ ಬಂದದ್ದು ಒಬ್ಬ ಹೆಂಗಸಿನ ಕಣ್ಣು ಹೋದ ಮೇಲೆ.

ಬೆಟ್ಟದ ಮೇಲೆ ಕಟ್ಟಿದ ಅಣೆಯ ನೀರು ತಮಿಳು ಸೀಮೆಯ ನಮ್ಮ ಕಣಿವೆಗೆ ಇಳಿದು ಹೆಚ್ಚು ದಿನವಾಗಿರಲಿಲ್ಲ. ಮುಂಚೆ ಬೇಸಿಗೆಯಲ್ಲಿ ಗಾಡಿಗಳು ಮರಳ ಮೇಲೆ ದಾಟುತ್ತಿದ್ದ ಹೊಳೆಯಲ್ಲಿ ಈಗ ಎತ್ತಿನ ಹೊಟ್ಟೆ ಮುಟ್ಟುವಷ್ಟು ನೀರು. ಹಾಗಾಗಿ ತೇನಿಯಿಂದ ಆಂಡಿಪಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲಿನ ಸೇತುವೆ ಕಟ್ಟತೊಡಗಿದರು. ನಾನು ಅದಕ್ಕೆ ಮುಂಚೆ ಎರಡು ವರ್ಷ ಬೆಟ್ಟದ ಮೇಲೆ ಗಾರೆ ಹೊತ್ತು, ಚಳಿಜ್ವರ ಅಂಟಿಸಿಕೊಂಡು ಊರಿಗೆ ಮರಳಿದ್ದೆ. ಸುಣ್ಣದ ಹದ ಬಲ್ಲವನು, ಕನ್ನಡ ತಮಿಳು ಎರಡರಲ್ಲೂ ಗದರಬಲ್ಲವನು ಎಂದು ಸೇತುವೆಯ ಓವರ್ಸಿಯರು ನನ್ನನ್ನು ಸುಣ್ಣದ ಗುಂಪಿಗೆ ಮೇಸ್ತ್ರಿ ಮಾಡಿದರು.

ಗುಂಪಿನಲ್ಲಿ ಐದು ಜನ ಹೆಂಗಸರು. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ, ನೀರು ಹೊಯ್ದು ಅರಳಿಸುವುದು ಅವರ ಕೆಲಸ. ನೀರು ಬಿದ್ದ ಕೂಡಲೇ ಕಲ್ಲು ಕುದಿಯುತ್ತದೆ, ಒಡೆಯುತ್ತದೆ, ಹಬೆ ಏಳುತ್ತದೆ. ಐವರಲ್ಲಿ ಒಬ್ಬಳು ಆಂಡಿಪಟ್ಟಿಯ ಕಡೆಯವಳು, ನಮ್ಮಂತೆ ಕನ್ನಡ ಮಾತಿನವಳು. ತಂಗಿಯನ್ನೂ ಜೊತೆಗೆ ಕರೆತಂದಿದ್ದಳು. ತಂಗಿ ಹೊಳೆಯೊಳಗಿನ ಕಂಬಗಳಿಗೆ ಗಾರೆ ಹೊರುತ್ತಿದ್ದಳು. ಅಕ್ಕನಿಗೆ ಸುಣ್ಣ ಅರಳುವ ಸದ್ದಿನಲ್ಲೇ ಹದ ಗೊತ್ತಾಗುತ್ತಿತ್ತು. "ಇನ್ನೂ ಅಳ್ತಾ ಅದೆ, ಬುಡಿ," ಎಂದು ಗುದ್ದಲಿ ಹಿಡಿದವರನ್ನು ತಡೆಯುತ್ತಿದ್ದಳು. ನಾನೇ ಅವಳಿಂದ ಕಲಿತದ್ದುಂಟು.

ವಾರಕ್ಕೊಮ್ಮೆ ಆಸ್ಪತ್ರೆಯ ಡ್ರೆಸ್ಸರ್ ತಟ್ಟುಕುದುರೆಯ ಮೇಲೆ ಬರುತ್ತಿದ್ದರು. ಗಾಯ ಕಟ್ಟುವುದು, ಜ್ವರದ ಪುಡಿ ಹಂಚುವುದು ಅವರ ಕೆಲಸ. ಒಂದು ದಿನ ಗುಂಡಿಯ ಪಕ್ಕ ನಿಂತು ನೋಡಿ ನನಗೆ ಕೆಲವು ಮಾತು ಹೇಳಿದರು. ಹೆಂಗಸರು ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಮೂಗಿಗೆ ಒದ್ದೆ ಬಟ್ಟೆ ಕಟ್ಟಬೇಕು. ಗುಂಡಿಯ ಹತ್ತಿರ ಒಂದು ಕೊಡ ತಿಳಿನೀರು ಸದಾ ಇರಬೇಕು, ಅದನ್ನು ಕುಡಿಯುವುದಕ್ಕೂ ಮುಟ್ಟಬಾರದು.

"ಕಣ್ಣಿಗೆ ಸುಣ್ಣ ಸಿಡಿದರೆ ಮಲಗಿಸಿ, ರೆಪ್ಪೆ ಎತ್ತಿ, ಇಡೀ ಕೊಡ ಹೊಯ್ಯಿ," ಎಂದರು.

"ಸುಣ್ಣಕ್ಕೆ ನೀರು ತಾಗಿದರೆ ಕುದಿಯುತ್ತದಲ್ಲ, ಅಯ್ಯಾ?"

"ಕಣ್ಣೀರು ನೀರಲ್ಲವೇ? ಅದರಲ್ಲಿ ಹೇಗೂ ಬೇಯುತ್ತದೆ. ಸ್ವಲ್ಪ ನೀರು ಕೆಡುಕು, ಬಹಳ ನೀರು ಒಳ್ಳೆಯದು. ತಡ ಮಾತ್ರ ಮಾಡಬೇಡ."

ಕೊಡ ಇಡಿಸಿದೆ. ಹೆಂಗಸರು ಅದಕ್ಕೆ ಕಣ್ಣುನೀರಿನ ಕೊಡ ಎಂದು ಹೆಸರಿಟ್ಟರು.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆಗೆ ಹೊಳೆ ಏರುವ ಮೊದಲು ಕಂಬಗಳು ನೀರಿನ ಮೇಲಕ್ಕೆ ಬರಬೇಕಿತ್ತು. ಓವರ್ಸಿಯರು ಬೆಳಗಿನಿಂದ ಸಂಜೆಯವರೆಗೆ ಗಾರೆ ಗಾರೆ ಎಂದು ಕೂಗುತ್ತಿದ್ದರು. ಒಂದು ಮುಂಜಾನೆ ನೀರಿನ ಗಾಡಿಯ ಅಚ್ಚು ಮುರಿಯಿತು. ಗುಂಡಿಯಲ್ಲಿ ಸುಣ್ಣ ಅರ್ಧ ಅರಳಿತ್ತು. ಆ ಹೊತ್ತಿನಲ್ಲಿ ನೀರು ಸಾಲದಿದ್ದರೆ ಸುಣ್ಣ ಒಳಗೇ ಸುಟ್ಟು ಕೆಡುತ್ತದೆ, ಗಾರೆಗೆ ಬರುವುದಿಲ್ಲ. ನಾನು ಸುತ್ತ ನೋಡಿದೆ. ತುಂಬಿದ ಕೊಡ ಒಂದೇ ಇತ್ತು.

"ಅದನ್ನ ಗುಂಡಿಗೆ ಊತು," ಎಂದೆ.

ಆಂಡಿಪಟ್ಟಿಯವಳು ಕೊಡ ಎತ್ತಿಕೊಂಡು ನಿಂತಳು. "ಅಣ್ಣೋ, ಇದು ಕಣ್ಣು ನೀರಲ್ವಾ?"

"ಗಾಡಿ ಈಗ ಬತ್ತದೆ. ಊತು ಅಂದ್ನಲ್ಲ."

ಹೊಯ್ದಳು. ಯಾವತ್ತಿನಂತೆ ಗಾಳಿಗೆ ಬೆನ್ನು ಕೊಟ್ಟೇ ನಿಂತಿದ್ದಳು. ಒಳಗಿದ್ದ ಒಂದು ದಪ್ಪ ಕಲ್ಲು ಪಟ್ಟೆಂದು ಸೀಳಿ ಬಿಸಿ ಸುಣ್ಣ ಅವಳ ಮುಖಕ್ಕೆ ಸಿಡಿಯಿತು. ಅವಳು ಕಿರುಚಲಿಲ್ಲ. "ನೀರು, ನೀರು," ಎಂದಳು. ನನ್ನ ಕಾಲ ಬುಡದಲ್ಲಿ ಖಾಲಿ ಕೊಡ ಬಿದ್ದಿತ್ತು.

ಹೊಳೆ ಇನ್ನೂರು ಹೆಜ್ಜೆ ಕೆಳಗಿತ್ತು. ಅವಳ ಕೈ ಹಿಡಿದು ಓಡಿದೆ. ಕಲ್ಲುಗಳ ಮೇಲೆ ಅವಳು ಎರಡು ಸಲ ಎಡವಿ ಬಿದ್ದಳು. ನೀರಿನಲ್ಲಿ ಮಲಗಿಸಿ, ರೆಪ್ಪೆ ಎತ್ತಿ ತೊಳೆದೆ. ಬಲಗಣ್ಣು ಆಗಲೇ ಬೇಯಿಸಿದ ಮೀನಿನ ಕಣ್ಣಿನಂತೆ ಬೆಳ್ಳಗಾಗಿತ್ತು. ಎಡಗಣ್ಣು ಉಳಿಯಿತು.

ಮಾರನೆಯ ದಿನ ಡ್ರೆಸ್ಸರ್ ಬಂದರು. ಬೇವಿನ ಮರದ ಕೆಳಗೆ ಅವಳನ್ನು ಕೂರಿಸಿ, ಎರಡು ಕಣ್ಣಿಗೂ ಬಟ್ಟೆ ಕಟ್ಟಿ, ನನ್ನ ಕಡೆ ತಿರುಗಿದರು. ಓವರ್ಸಿಯರು ಪಕ್ಕದಲ್ಲಿದ್ದರು.

"ಎಷ್ಟು ಹೊತ್ತಿಗೆ ನೀರು ಹಾಕಿದೆ?"

"ಹೊಳೆಗೆ ಕರೆದುಕೊಂಡು ಹೋಗುವಷ್ಟು ಹೊತ್ತು."

"ಹೊಳೆಗೆ ಯಾಕೆ? ಕೊಡ ಇರಲಿಲ್ಲವೇ?"

ಇತ್ತು ಎಂದೆ. ಮುಂದಿನದು ನನ್ನ ಬಾಯಿಂದ ಬಂದ ರೀತಿ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ತಡವರಿಸಲಿಲ್ಲ, ಯೋಚಿಸಲಿಲ್ಲ. ಹೇಳಿದ ಮಾತು ಕೇಳದೆ ಅವಳು ಗಾಳಿಗೆ ಎದುರಾಗಿ ಬಗ್ಗಿದಳು, ಸಿಡಿದ ಮೇಲೆ ಗಾಬರಿಯಲ್ಲಿ ತಾನೇ ಕೊಡವನ್ನು ಒದ್ದು ಉರುಳಿಸಿದಳು ಎಂದೆ. ಮರದ ಕೆಳಗೆ ಕೂತಿದ್ದ ಅವಳು ಬಟ್ಟೆ ಕಟ್ಟಿದ ಮುಖವನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದಳು. ಮಾತಾಡಲಿಲ್ಲ. ಉಳಿದ ನಾಲ್ವರೂ ಕಣ್ಣಾರೆ ಕಂಡವರು, ಅವರೂ ಮಾತಾಡಲಿಲ್ಲ. ನಾನು ಅವರ ಮೇಸ್ತ್ರಿ.

"ಇಂಥವಳನ್ನು ಕೆಲಸದಲ್ಲಿ ಇಟ್ಟುಕೊಂಡರೆ ಇನ್ನೊಬ್ಬರ ಕಣ್ಣೂ ಹೋಗುತ್ತದೆ," ಎಂದು ಓವರ್ಸಿಯರು ಅವಳನ್ನು ಊರಿಗೆ ಕಳಿಸಿದರು. ತಂಗಿ ಉಳಿದಳು.

ಅಲ್ಲಿಂದ ನಾನು ಬದಲಾದೆ. ಗುಂಡಿಯ ಪಕ್ಕ ಮೂರು ಕೊಡ ಇಡಿಸಿದೆ. ಸುತ್ತ ತೆಂಗಿನ ಗರಿಯ ತಟ್ಟಿ ಕಟ್ಟಿಸಿದೆ. ನೀರು ಹೊಯ್ಯುವವರಿಗೆ ಉದ್ದ ಹಿಡಿಯ ಸೌಟು ಮಾಡಿಸಿದೆ. ಯಾರೂ ಗುಂಡಿಯ ಮೇಲೆ ಬಗ್ಗುವ ಅಗತ್ಯವೇ ಇರಲಿಲ್ಲ. ಒಂದು ದಿನ ಗಾಡಿ ತಡವಾದಾಗ ಕಲ್ಲನ್ನು ಗುಂಡಿಗೆ ಹಾಕಗೊಡದೆ ಕೆಲಸವನ್ನೇ ನಿಲ್ಲಿಸಿದೆ. ಓವರ್ಸಿಯರು ಬೈದರು, ಆಮೇಲೆ ಅವರೇ ಹೊಗಳಿದರು. ಡ್ರೆಸ್ಸರ್ ಬೇರೆ ಕಡೆಯ ಮೇಸ್ತ್ರಿಗಳನ್ನು ಕರೆತಂದು, "ನೋಡಿ, ಈ ಮನುಷ್ಯ ಹೇಗೆ ನಡೆಸುತ್ತಾನೆ," ಎಂದು ತೋರಿಸಿದರು. ನಾನು ಕೈಕಟ್ಟಿ ನಿಂತು ತೋರಿಸಿಕೊಂಡೆ.

ಹಾಗೆ ತೋರಿಸಿದ ಒಂದು ದಿನ ಅವಳ ತಂಗಿ ಗಾರೆ ತುಂಬಿಸಿಕೊಳ್ಳಲು ಬಂದಿದ್ದಳು. ಯಾರೋ ಅವಳಿಗೆ, "ಮೆಲ್ಲ ನಡಿ, ನೀನೂ ಕೊಡ ಒದ್ದೀಯ," ಎಂದರು. ನಾಲ್ಕು ಜನ ನಕ್ಕರು. ಅವಳು ಗಾರೆಯ ಬಾಣಲೆಯನ್ನು ತಲೆಗೆ ಏರಿಸಿಕೊಂಡು ಹೋದಳು. ಆ ಮಾತು ಅವಳಿಗೆ ಹೊಸದಲ್ಲ ಎಂಬುದು ಅವಳ ನಡಿಗೆಯಲ್ಲೇ ತಿಳಿಯಿತು.

ಮುಂದಿನ ಸಂತೆಯ ದಿನ ಕೆಲಸಕ್ಕೆ ರಜೆ. ನಾನು ಆಂಡಿಪಟ್ಟಿಯ ದಾರಿ ಹಿಡಿದು ಅಕ್ಕನ ಹಳ್ಳಿಗೆ ನಡೆದೆ. ಕಣದಲ್ಲಿ ಹುರುಳಿ ಕೇರುತ್ತಿದ್ದಳು. ಉಳಿದ ಕಣ್ಣಿಗೆ ಕಾಣುವಂತೆ ತಲೆ ಓರೆ ಮಾಡಿ ನೋಡಿ, "ಬಾ ಅಣ್ಣೋ, ಕುಂದ್ರು," ಎಂದಳು. ನಾನು ನಿಂತೇ ಇದ್ದೆ. ಕೊಡ ಖಾಲಿ ಮಾಡಿಸಿದವನು ನಾನು, ಸುಳ್ಳು ಹೇಳಿದವನು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. "ಇದು ನಂಗೆ ತೆರೀದಾ, ಗೊತ್ತಿಲ್ವಾ? ನಾನ್ ಅಲ್ಲೇ ಇದ್ನಲ್ಲ."

"ಅವತ್ತು ಯಾಕೆ ಸುಮ್ನಿದ್ದೆ?"

"ತಂಗಿ ಅಲ್ಲಿ ಕೂಲಿ ವೇಲೆ ಮಾಡ್ಬೇಕಲ್ಲ."

ಅವಳೇ ಮುಂದುವರಿಸಿದಳು. "ಕಣ್ಣು ಓದುದ್ದು ಓತು. ಅದು ಸುಣ್ಣ, ಯಾರ್ ಕಣ್ಣಾದ್ರೂ ಓಗ್ತದೆ. ಆದ್ರೆ ಸುಣ್ಣ ತೆರೀದೋಳು ಅಂದ್ಬುಟ್ಟಲ್ಲ, ಅದೇ ನಂಗೆ ಆರಲ್ಲ. ನಂಗೆ ಏಳೋಕೆ ಇಷ್ಟು ದೂರ ಯಾಕೆ ಬಂದೆ? ಯಾರ್ಗೆ ತೆರೀದೋ ಅವ್ರ್‌ಗೆ ಓಗಿ ಏಳು."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬಂದವನು ಹನ್ನೊಂದು ದಿನ ಹೇಳಲಿಲ್ಲ. ದಿನಾ ಬೆಳಗ್ಗೆ ಇವತ್ತು ಎಂದುಕೊಳ್ಳುತ್ತಿದ್ದೆ. ಮಧ್ಯಾಹ್ನಕ್ಕೆ ಏನೋ ಕೆಲಸ ಸಿಗುತ್ತಿತ್ತು.

ಹನ್ನೆರಡನೆಯ ದಿನ ಡ್ರೆಸ್ಸರ್ ಬಂದಿದ್ದರು, ಜನ ಗಂಜಿ ಕುಡಿಯಲು ಕೂತಿದ್ದರು. ಎದ್ದು ನಿಂತು ತಮಿಳಿನಲ್ಲೂ ನಮ್ಮ ಮಾತಿನಲ್ಲೂ ಹೇಳಿದೆ. ಅವಳು ಗಾಳಿಗೆ ಬೆನ್ನು ಮಾಡಿಯೇ ನಿಂತಿದ್ದಳು, ಆ ಕೊಡದ ನೀರು ಹೊಯ್ಯಬಾರದು ಎಂದು ನೆನಪಿಸಿದವಳೂ ಅವಳೇ, ಹೊಯ್ಯಿಸಿದವನು ನಾನು. ಗಾಡಿ ಮುರಿದದ್ದು ನಿಜ; ಆದರೆ ಹೊಳೆಗೆ ಇಬ್ಬರನ್ನು ಕಳಿಸಬಹುದಿತ್ತು, ಹೆಚ್ಚೆಂದರೆ ಒಂದು ಗುಂಡಿ ಸುಣ್ಣ ಕೆಡುತ್ತಿತ್ತು. ಅದನ್ನೂ ಹೇಳಿದೆ.

ದೂರದಲ್ಲಿದ್ದ ಕಲ್ಲು ಕೆಲಸದವರು ಕೇಳಿಸಿಕೊಳ್ಳದೆ ಉಣ್ಣುತ್ತಲೇ ಇದ್ದರು. ಓವರ್ಸಿಯರು, "ಆಗಿಹೋದದ್ದು ಈಗ ಯಾಕೆ? ಕೆಲಸ ನೋಡು," ಎಂದರು. ಸುಣ್ಣದ ಗುಂಪಿನ ಹಿರಿಯಳು ತನ್ನ ಚೊಂಬನ್ನು ನೋಡುತ್ತಾ, "ನಾವೂ ನೋಡ್ಕೊಂಡು ಸುಮ್ನಿದ್ವಿ," ಎಂದಳು. ಡ್ರೆಸ್ಸರ್ ಪೆಟ್ಟಿಗೆ ಮುಚ್ಚಿ, ತಟ್ಟುಕುದುರೆಯ ಹತ್ತಿರ ಹೋಗಿ, ಮತ್ತೆ ತಿರುಗಿ ಬಂದರು.

"ಜಾಗರೂಕ ಮನುಷ್ಯ ಎಂದು ನಿನ್ನ ಹೆಸರನ್ನು ಎಲ್ಲ ಕಡೆ ಹೇಳಿಬಿಟ್ಟಿದ್ದೇನೆ," ಎಂದರು. ಅಷ್ಟೇ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಬೈಯಲಿ, ಓಡಿಸಲಿ ಎಂದು ಕಾದು ನಿಂತವನಿಗೆ ಅದೇ ಭಾರವಾಯಿತು.

ತಂಗಿ ನನ್ನೊಡನೆ ಮಾತಾಡಲಿಲ್ಲ, ಆದರೆ ಸುದ್ದಿಯನ್ನು ಊರಿಗೆ ಮುಟ್ಟಿಸಿದಳು. ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆಯಬೇಕೆಂದು ನಾನು ಓವರ್ಸಿಯರರ ಹಿಂದೆ ಬಿದ್ದೆ. ಪೀಡೆ ಕಳೆಯಲೆಂದೋ ಏನೋ ಒಪ್ಪಿದರು. ಅವಳು ಬಂದಳು, ಗುದ್ದಲಿ ಹಿಡಿಯುವುದಕ್ಕಲ್ಲ. ಕೊಡಗಳು ತುಂಬಿವೆ, ಹೆಂಗಸರು ಸರಿಯಾದ ಕಡೆ ನಿಂತಿದ್ದಾರೆ ಎಂದು ಅವಳು ಹೇಳುವವರೆಗೆ ಒಂದು ಕಲ್ಲೂ ಗುಂಡಿಗೆ ಬೀಳಬಾರದು ಎಂದಾಯಿತು. ಮೊದಲ ವಾರದಲ್ಲೇ ಎಲ್ಲರೆದುರು ನನ್ನನ್ನು ತಡೆದಳು. "ನಿಲ್ಲು ಮೇಸ್ತ್ರಿ, ಒಂದು ಕೊಡ ಅರೆ ಅದೆ." ನಿಂತೆ. ಅವಳ ಬಾಯಲ್ಲಿ ಅಣ್ಣ ಎಂಬ ಮಾತು ನಾನು ಮತ್ತೆ ಕೇಳಲಿಲ್ಲ.

ಮಳೆಗೆ ಮುಂಚೆ ಕಂಬಗಳು ಎದ್ದವು, ವರ್ಷ ತಿರುಗುವುದರೊಳಗೆ ಗಾಡಿಗಳು ಸೇತುವೆಯ ಮೇಲೆ ಓಡಾಡಿದವು. ನಾನು ಸುಣ್ಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದೆ. ಅಕ್ಕ ತಂಗಿ ಇಬ್ಬರೂ ಬತ್ತಲಗುಂಡಿನ ಕಡೆ ಬೇರೊಂದು ಕಟ್ಟಡದ ಕೆಲಸಕ್ಕೆ ಹೋದರೆಂದು ಕೇಳಿದೆ. ಒಮ್ಮೆ ಆ ಕಡೆಯಿಂದ ಬಂದ ಗಾಡಿಯವನು, ಅಲ್ಲಿ ಒಂಟಿಗಣ್ಣಿನ ಹೆಂಗಸೊಬ್ಬಳು ಕೊಡ ತುಂಬದೆ ಸುಣ್ಣ ಅರಳಿಸಗೊಡುವುದಿಲ್ಲ, ಮೇಸ್ತ್ರಿಗಳಿಗೆ ಅವಳನ್ನು ಕಂಡರೆ ಆಗುವುದಿಲ್ಲ ಎಂದು ನಗುತ್ತಾ ಹೇಳಿದ. ಅವಳು ಯಾರು ಎಂದು ನಾನು ಅವನಿಗೆ ಹೇಳಬಹುದಿತ್ತು. ಹೇಳಿದರೆ ಆ ಕಣ್ಣು ಹೋದದ್ದು ಯಾರಿಂದ ಎಂಬುದನ್ನೂ ಹೇಳಬೇಕಿತ್ತು. ಎತ್ತುಗಳಿಗೆ ನೀರು ತೋರಿಸಿ ಕಳಿಸಿದೆ.