ಬೋಣಿಯ ಹತ್ತು ರೂಪಾಯಿ

ನಾನು ಚಿಕ್ಕವನಿದ್ದಾಗ ದೇವನಹಳ್ಳಿಯ ಬಸ್ ನಿಲ್ದಾಣದ ಮುಂದೆ ಐದು ಜಟಕಾಗಳು ನಿಲ್ಲುತ್ತಿದ್ದವು. ಅದರಲ್ಲಿ ಒಂದು ನಮ್ಮ ಅಪ್ಪನದು. ಈಗ ನೀವು ಫೋನು ಒತ್ತಿದರೆ ಮನೆ ಬಾಗಿಲಿಗೇ ಕಾರು ಬಂದು ನಿಲ್ಲುತ್ತದೆ. ಆಗ ಬಾಡಿಗೆ ಗಾಡಿ ಎಂದರೆ ಎರಡು ಚಕ್ರ, ತಲೆ ಮೇಲೊಂದು ಕಮಾನು, ಮುಂದೆ ಒಂದು ಕುದುರೆ, ಅಷ್ಟೇ. ಇವತ್ತು ವಿಮಾನ ಇಳಿಯುವ ಜಾಗದಲ್ಲಿ ಆಗ ರಾಗಿ ಬೆಳೆಯುತ್ತಿದ್ದರು ಎಂದರೆ ನೀವು ನನ್ನ ಮುಖ ನೋಡಿ ನಗುತ್ತೀರಿ. ನಗಿ ಮೊಮ್ಮಕ್ಕಳೇ, ಪರವಾಗಿಲ್ಲ. ಜಟಕಾದ ಕಥೆಯನ್ನಾದರೂ ನೆಟ್ಟಗೆ ಕೂತು ಕೇಳಿ.

ನಮ್ಮ ಕುದುರೆಯ ಹೆಸರು ಕೆಂಚಿ. ಕೆಂಪು ಬಣ್ಣದ ಹೆಣ್ಣು ಕುದುರೆ, ಮಹಾ ಹಟಮಾರಿ. ಬೇಯಿಸಿದ ಹುರುಳಿ ಹೊಟ್ಟೆಗೆ ಬೀಳದೆ ಒಂದು ಹೆಜ್ಜೆಯನ್ನೂ ಎತ್ತಿಡುತ್ತಿರಲಿಲ್ಲ. ಅಪ್ಪ ಗಾಡಿಯೊಳಗೆ ಹಸಿ ಹುಲ್ಲು ಹರಡಿ, ಅದರ ಮೇಲೆ ಗೋಣಿತಾಟು ಹಾಸುತ್ತಿದ್ದ. ಹತ್ತಿದವರಿಗೆ ಮೆತ್ತೆ, ಕೆಂಚಿಗೆ ಮಧ್ಯಾಹ್ನದ ಊಟ, ಎರಡೂ ಅದೇ. ಹುಲ್ಲಿನ ವಾಸನೆ, ಕುದುರೆಯ ಬೆವರು, ಅಪ್ಪನ ಬೀಡಿ, ಮೂರೂ ಬೆರೆತ ಒಂದು ಘಾಟು ಆ ಗಾಡಿಯಲ್ಲಿತ್ತು. ಅದು ನನಗೆ ಬಹಳ ಇಷ್ಟವಾಗಿತ್ತು.

ಅವತ್ತು ದಸರಾ ರಜ. ಅಪ್ಪನ ಪಕ್ಕದಲ್ಲಿ ಕೂತು ನಿಲ್ದಾಣಕ್ಕೆ ಹೋಗಿದ್ದೆ. ಹತ್ತು ಗಂಟೆಯಾದರೂ ಬಾಡಿಗೆ ಸಿಕ್ಕಿರಲಿಲ್ಲ. ಅಷ್ಟು ಹೊತ್ತಿಗೆ ಬೆಂಗಳೂರಿನ ಬಸ್ಸು ಬಂತು. ಅದರಿಂದ ಒಬ್ಬಳು ಪರದೇಶದ ಹೆಂಗಸು ಇಳಿದಳು. ಅಂಥವರನ್ನು ನಾವು ದೊರೆಸಾನಿ ಎನ್ನುತ್ತಿದ್ದೆವು. ತಲೆಗೆ ಹುಲ್ಲಿನ ಟೋಪಿ, ಕುತ್ತಿಗೆಗೆ ಕ್ಯಾಮೆರಾ. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಆಗಾಗ ಕೋಟೆ ನೋಡಲು ಇಂಥವರು ಬರುತ್ತಿದ್ದರು. ಬಂದಾಗಲೆಲ್ಲ ಜಟಕಾದವರಿಗೆ ಹಬ್ಬ.

ಪಕ್ಕದ ಜಟಕಾದವನು ಅಪ್ಪನಿಗೆ ಹೇಳಿದ, "ಸರದಿ ನಿಂದೇ ಕಣೋ. ಒಂದಕ್ಕೆ ನಾಕು ಕೇಳು. ಅವ್ರಿಗೇನು ಗೊತ್ತಾಗ್ತದೆ?"

ಅಪ್ಪ ಕೇಳುವ ಪ್ರಮೇಯವೇ ಬರಲಿಲ್ಲ. ದೊರೆಸಾನಿ ಕೋಟೆಯ ಚಿತ್ರ ತೋರಿಸಿದಳು. ಬೆರಳು ಸುತ್ತಿಸಿ, ಹೋಗಿ ಬರಬೇಕು ಎಂದಳು. ಕೈಗಡಿಯಾರ ಮುಟ್ಟಿ, ಬಸ್ಸಿನ ಕಡೆ ಕೈ ಮಾಡಿದಳು. ಆಮೇಲೆ ಎರಡೂ ತೋಳು ಚಾಚಿ ಹದ್ದಿನ ಹಾಗೆ ವಾಲಿದಳು. ಹನ್ನೆರಡೂವರೆಯ ಬಸ್ಸು ಹಿಡಿಯಬೇಕು, ಸಂಜೆ ಬೆಂಗಳೂರಿನಲ್ಲಿ ವಿಮಾನ ಹತ್ತಬೇಕು ಎಂದು ಅದರ ಅರ್ಥ. ಇಷ್ಟು ಹೇಳಿ, ಹತ್ತು ರೂಪಾಯಿಯ ಒಂದು ನೋಟನ್ನು ಅಪ್ಪನ ಅಂಗೈಯಲ್ಲಿಟ್ಟು ಗಾಡಿ ಹತ್ತಿ ಕೂತೇಬಿಟ್ಟಳು.

ಅಭ್ಯಾಸಬಲದಿಂದ ಅಪ್ಪ ನೋಟನ್ನು ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಮೇಲೆ ಅದು ಎಷ್ಟು ದೊಡ್ಡ ನೋಟು ಎಂದು ನೋಡಿದ. ಅಲ್ಲಿಗೆ ಸಿಕ್ಕಿಹಾಕಿಕೊಂಡ.

ಯಾಕೆ ಎಂದು ನಿಮಗೆ ಹೇಳಬೇಕು. ದಿನದ ಮೊದಲ ವ್ಯಾಪಾರವನ್ನು ಬೋಣಿ ಎನ್ನುತ್ತಾರೆ. ಬೋಣಿಯ ದುಡ್ಡು ಕೈಗೆ ಬಂದ ಮೇಲೆ ವಾಪಸು ಕೊಡಬಾರದು, ಮುರಿಸಿ ಚಿಲ್ಲರೆಯನ್ನೂ ಮಾಡಬಾರದು. ಕೊಟ್ಟರೆ ಅದರ ಹಿಂದೆಯೇ ಆ ದಿನದ ಸಂಪಾದನೆ ಎದ್ದು ಹೋಗುತ್ತದೆ ಎಂದು ನಿಲ್ದಾಣದಲ್ಲಿ ಎಲ್ಲರೂ ನಂಬಿದ್ದರು. ಅಪ್ಪ ಎಲ್ಲರಿಗಿಂತ ಹೆಚ್ಚು ನಂಬಿದ್ದ.

ಗಾಡಿ ಹೊರಟ ಮೇಲೆ ಅಪ್ಪ ಮೆಲ್ಲಗೆ ಕೇಳಿದ, "ಕೋಟೆಗೆ ಹೋಗ್ಬರಾಕೆ ಒಂದು ರೂಪಾಯಿ. ಮಿಕ್ಕಿದ್ದು ಒಂಬತ್ತು ಏನ್ಲಾ ಮಾಡೋದು?"

"ಇಟ್ಕಳಪ್ಪ" ಎಂದೆ. ನನಗೆ ಆಗಲೇ ಹೊಸ ಚಡ್ಡಿ ಕಣ್ಣ ಮುಂದೆ ಬಂದಿತ್ತು.

"ದುಡೀದೇ ಇರೋದು ನಮ್ಗೆ ದಕ್ಕಲ್ಲ ಮಗ" ಎಂದ. ಸ್ವಲ್ಪ ದೂರ ಹೋದ ಮೇಲೆ ಅವನ ಮುಖ ಅರಳಿತು. "ವಾಪಸ್ ಕೊಡೋದು ಬ್ಯಾಡ. ಹತ್ತು ರೂಪಾಯಿಗೆ ಎಷ್ಟು ಸುತ್ತಿಸ್ಬೇಕೋ ಅಷ್ಟು ಸುತ್ತಿಸ್ಬಿಡಾನ."

ಇಬ್ಬರಿಗೂ ಇದು ಬಹಳ ನ್ಯಾಯವಾಗಿ ಕಂಡಿತು. ಮೊದಲು ಕೋಟೆ. ದೊರೆಸಾನಿ ಬುರುಜು ಹತ್ತಿ ಇಳಿದು ಹತ್ತಾರು ಫೋಟೋ ತೆಗೆದಳು, ಖುಷಿಯಾಗಿದ್ದಳು. ವಾಪಸು ನಿಲ್ದಾಣಕ್ಕೆ ಎಂದು ಕೈ ತೋರಿಸಿದಳು. ಅಪ್ಪ ತಲೆಯಾಡಿಸಿ ಗಾಡಿಯನ್ನು ಚಕ್ಕೋತ ತೋಟದ ಕಡೆ ತಿರುಗಿಸಿದ. ಅಲ್ಲಿ ಗುರುತಿನವರಿಂದ ತಲೆಯಷ್ಟು ದಪ್ಪದ ಒಂದು ಹಣ್ಣು ಇಸಕೊಂಡು ಆಕೆಯ ಮಡಿಲಿಗೆ ಹಾಕಿದ. ಆಕೆ ಅದನ್ನು ಹಿಡಿದುಕೊಂಡು ನನ್ನನ್ನು ಏನೋ ಕೇಳಿದಳು. ನನಗೆ ಬರುತ್ತಿದ್ದ ಇಂಗ್ಲಿಷ್ ಮಾತು ಒಂದೇ, ಅಕ್ಕ ಕಲಿಸಿದ್ದು. "ಎಸ್" ಎಂದೆ.

ಅಪ್ಪನ ಲೆಕ್ಕದಲ್ಲಿ ಇನ್ನೂ ಆರು ರೂಪಾಯಿಯ ಸವಾರಿ ಬಾಕಿಯಿತ್ತು. ಆದ್ದರಿಂದ ಪಕ್ಕದ ಊರು ಆವತಿಯ ದಾರಿ ಹಿಡಿದೆವು. ಎರಡೂ ಕಡೆ ಹುಣಸೆ ಮರಗಳು, ಅವುಗಳಾಚೆ ತೆನೆ ಕಟ್ಟುತ್ತಿದ್ದ ರಾಗಿ ಹೊಲ. ಕೆಂಚಿಯ ಗೆಜ್ಜೆ ಬಿಟ್ಟರೆ ಬೇರೆ ಸದ್ದಿಲ್ಲ. ಆವತಿಯ ಬೆಟ್ಟ ತೋರಿಸಿದರೆ ಆಕೆ ಎಷ್ಟು ಹಿಗ್ಗುತ್ತಾಳೋ ಎಂದು ಅಪ್ಪನಿಗೆ ಒಳಗೊಳಗೇ ಸಂಭ್ರಮ. ಹಿಂದಿನಿಂದ ಆಕೆ ಗಡಿಯಾರ ಮುಟ್ಟಿ ಮುಟ್ಟಿ "ಬಸ್? ಬಸ್?" ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ತಿರುಗಿ "ಎಸ್, ಎಸ್" ಎನ್ನುತ್ತಿದ್ದೆ. ಊರು ಮಾತ್ರ ಹಿಂದೆ ಹಿಂದೆ ಸರಿಯುತ್ತಿತ್ತು.

ಎರಡು ಮೈಲಿ ಕಳೆದಿರಬಹುದು. ಗಾಡಿ ಇದ್ದಕ್ಕಿದ್ದಂತೆ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದರೆ ದೊರೆಸಾನಿ ಕೆಳಗೆ ಧುಮುಕಿದ್ದಳು. ಚಕ್ಕೋತ ಹಣ್ಣು ಉರುಳಿ ಚರಂಡಿಗೆ ಬಿತ್ತು. ಆಕೆ ಚೀಲವನ್ನು ಎದೆಗೆ ಅವುಚಿಕೊಂಡು ಊರಿನ ಕಡೆಗೆ ದಾಪುಗಾಲು ಹಾಕತೊಡಗಿದಳು.

ಅಪ್ಪ ಗಾಡಿ ತಿರುಗಿಸಿ ಹಿಂಬಾಲಿಸಿದ. "ಅಮ್ಮಾ, ಹತ್ತಿ, ಹತ್ತಿ" ಎಂದು ಕೂಗಿದ. ಆಕೆ ಇನ್ನೂ ಬೇಗ ನಡೆದಳು. ಅಪ್ಪನೂ ಬೇಗ ಹೊಡೆದ. ಆಕೆ ಓಡತೊಡಗಿದಳು. ಒಮ್ಮೆ ತಿರುಗಿ ನಮ್ಮನ್ನು ನೋಡಿದಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು.

ಅಪ್ಪ ಲಗಾಮು ಎಳೆದು ಗಾಡಿ ನಿಲ್ಲಿಸಿದ.

"ನನ್ನ ಕಂಡು ಹೆದರ್ಕಂಡವ್ಳೆ ಕಣ್ಲಾ" ಎಂದ. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತ್ತು. ನನಗೆ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದರೂ ನಮ್ಮ ಅಪ್ಪನನ್ನು ಕಳ್ಳ ಅಂದುಕೊಂಡಳಲ್ಲ ಎನಿಸಿತು.

ಹನ್ನೆರಡೂವರೆಗೆ ಹೆಚ್ಚು ಹೊತ್ತಿರಲಿಲ್ಲ. ನಡೆದು ಹೋದರೆ ಆಕೆಗೆ ಬಸ್ಸು ಖಂಡಿತ ಸಿಗುತ್ತಿರಲಿಲ್ಲ. ಬಸ್ಸು ತಪ್ಪಿದರೆ ವಿಮಾನವೂ ತಪ್ಪುತ್ತಿತ್ತು. ಅಪ್ಪ ಲಗಾಮನ್ನು ನನ್ನ ಕೈಗೆ ಕೊಟ್ಟು ಇಳಿದ. ಚಪ್ಪಲಿಯನ್ನೂ ಬಿಟ್ಟು, ಆಕೆಯಿಂದ ದೂರ ಸುತ್ತು ಬಳಸಿ ಹೊಲದ ಬದುವಿನ ಮೇಲೆ ಓಡಿ, ಮುಂದೆ ಹೋಗಿ ದೂರದಲ್ಲಿ ನಿಂತ. ಹತ್ತಿರ ಹೋಗಲಿಲ್ಲ. ಜೇಬಿನಿಂದ ಆ ನೋಟನ್ನು ತೆಗೆದು, ರಸ್ತೆಯ ನಡುವೆ ಒಂದು ಕಲ್ಲಿನ ಕೆಳಗೆ ಇಟ್ಟ. ಕೈ ಮುಗಿದು ಪಕ್ಕಕ್ಕೆ ಸರಿದ.

ಬೋಣಿಯ ನೋಟು ಅದು.

ಆಕೆ ನೋಟನ್ನು ಎತ್ತಿಕೊಂಡು ತುಂಬಾ ಹೊತ್ತು ನೋಡಿದಳು. ಅಪ್ಪನನ್ನು ನೋಡಿದಳು. ಅಪ್ಪ ಊರಿನ ಕಡೆ ಕೈ ತೋರಿಸಿ, "ಬಸ್" ಎಂದ. ಕಳ್ಳನಾದವನು ದುಡ್ಡು ವಾಪಸು ಕೊಡುವುದಿಲ್ಲ ಎನ್ನುವಷ್ಟು ಯಾವ ದೇಶದವರಿಗಾದರೂ ತಿಳಿಯುತ್ತದೆ. ಆಕೆ ಮೂಗು ಒರೆಸಿಕೊಂಡು ಬಂದು ಗಾಡಿ ಹತ್ತಿದಳು.

ಕೆಂಚಿ ಅವತ್ತು ಓಡಿದ ಹಾಗೆ ಯಾವತ್ತೂ ಓಡಲಿಲ್ಲ. ನಾವು ನಿಲ್ದಾಣ ಮುಟ್ಟಿದಾಗ ಬಸ್ಸು ಹೊರಡಲು ಸಿದ್ಧವಾಗಿ ಅಲುಗಾಡುತ್ತಿತ್ತು. ಅಪ್ಪ ಅದಕ್ಕೆ ಅಡ್ಡವಾಗಿ ಗಾಡಿ ನಿಲ್ಲಿಸಿ ಡ್ರೈವರನ ಬೈಗುಳವನ್ನೆಲ್ಲ ತಿಂದ. ದೊರೆಸಾನಿ ಇಳಿದು ಮತ್ತೆ ಆ ಹತ್ತು ರೂಪಾಯಿಯನ್ನು ಚಾಚಿದಳು. ಅಪ್ಪ ತಲೆಯಲ್ಲಾಡಿಸಿ ಒಂದು ಬೆರಳು ತೋರಿಸಿದ. ಆಕೆ ಚೀಲ ತಡಕಾಡಿ ಒಂದು ರೂಪಾಯಿ ಕೊಟ್ಟು ಬಸ್ಸು ಹತ್ತಿದಳು.

ಅಪ್ಪ ಮತ್ತೆ ಸರದಿಗೆ ನಿಲ್ಲಲಿಲ್ಲ. ಬೋಣಿ ಕೆಟ್ಟ ಮೇಲೆ ನಿಂತು ಪ್ರಯೋಜನವಿಲ್ಲ ಎಂದು ಮನೆಗೆ ಬಂದು ಕೆಂಚಿಯನ್ನು ಬಿಚ್ಚಿದ. ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ನಡೆದದ್ದನ್ನೆಲ್ಲ ನನ್ನ ಬಾಯಿಂದ ಕೇಳಿ, ಎಲ್ಲದಕ್ಕೂ ಎಸ್ ಅಂದದ್ದಕ್ಕೆ ಮೊದಲು ನನ್ನ ಕಿವಿ ಹಿಂಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು, "ಆಯಮ್ಮಂಗೆ ನಮ್ ಬೋಣಿ ಹೆಂಗಪ್ಪ ಗೊತ್ತಾಗ್ಬೇಕು?"

"ನಾನು ನ್ಯಾಯವಾಗೇ ಇದ್ದೆ ಕಣವ್ವ" ಎಂದ ಅಪ್ಪ. ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ದಿನ ಎಂದಿನಂತೆ ಬಾಡಿಗೆ ಸಿಕ್ಕಿತು. ದೊರೆಸಾನಿಯ ಮೇಲಿನ ನನ್ನ ಸಿಟ್ಟು ಮಾತ್ರ ಹೋಗಲಿಲ್ಲ. ದೊಡ್ಡವನಾದ ಮೇಲೂ ಇತ್ತು.

ಹೋದ ಬೇಸಿಗೆಯಲ್ಲಿ ನೀವೆಲ್ಲ ಸೇರಿ ನನ್ನನ್ನು ನಮ್ಮೂರಿನಿಂದಲೇ ವಿಮಾನದಲ್ಲಿ ಕೂರಿಸಿಕೊಂಡು ಬ್ಯಾಂಕಾಕಿಗೆ ಹೋದಿರಲ್ಲ. ಅಲ್ಲಿಯ ಟ್ಯಾಕ್ಸಿಯವನು ಮೀಟರು ಹಾಕಲಿಲ್ಲ. ದೊಡ್ಡ ರಸ್ತೆ ಬಿಟ್ಟು ಯಾವುದೋ ಸಂದಿಯಲ್ಲಿ ನುಗ್ಗಿದ. "ತಾತ, ಸುಮ್ನೆ ಸುತ್ತು ಹಾಕಿಸ್ತಿದಾನೆ, ಮ್ಯಾಪ್ ನೋಡು" ಎಂದು ನೀವು ಕೂಗಿದಿರಿ. ನಾನು ಮ್ಯಾಪ್ ನೋಡಲಿಲ್ಲ. ಅವನ ಬೆನ್ನು ನೋಡುತ್ತಾ ಕೂತಿದ್ದೆ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ನಿಜ ಹೇಳುತ್ತೇನೆ, ಹೆದರಿದ್ದೆ. ಆ ದೊರೆಸಾನಿಯ ಮೇಲಿದ್ದ ಸಿಟ್ಟು ಐವತ್ತು ವರ್ಷಕ್ಕೂ ಮೇಲಾದ ಬಳಿಕ ಅಲ್ಲಿ ಹೋಯಿತು. ಪಾಪ, ಹೀಗೇ ಕೂತಿದ್ದಳಲ್ಲ ನಮ್ಮ ಹಿಂದೆ ಎನಿಸಿತು.

ಆ ಟ್ಯಾಕ್ಸಿಯವನು ಒಂದಕ್ಕೆ ಮೂರು ಕಿತ್ತುಕೊಂಡ. ಅಲ್ಲಿಯವರೆಲ್ಲ ಕಳ್ಳರು ಎಂದು ನೀವು ಊಟದ ತನಕ ಬೈದಿರಿ. ಅವನು ಮಾಡಿದ್ದು ಮೋಸವೇ, ನಾನು ಇಲ್ಲವೆನ್ನುವುದಿಲ್ಲ. ಎಷ್ಟು ಮೋಸವಾಯಿತು ಎಂದು ನಿಮಗೆ ಫೋನು ಐದು ನಿಮಿಷದಲ್ಲಿ ಹೇಳಿತು. ಮೋಸವಾಗಿಲ್ಲ ಎಂದು ಆ ಹೆಂಗಸಿಗೆ ಹೇಳಲು ಅವತ್ತು ಏನೂ ಇರಲಿಲ್ಲ. ಅದನ್ನು ಹೇಳುವುದಕ್ಕೆ ನಮ್ಮ ಅಪ್ಪ ಬೋಣಿಯನ್ನೇ ಬಿಟ್ಟುಕೊಡಬೇಕಾಯಿತು.